ಬಂದೂಕಿಗಿಂತ ಮೊದಲು ಭುಜ ನೋಡಿದವರು

ಬಂದೂಕು ರಿಪೇರಿ ಮಾಡುವವರು ಹೇಗಿರುತ್ತಾರೆ ಎಂಬುದರ ಬಗ್ಗೆ ನನಗೊಂದು ಕಲ್ಪನೆಯಿತ್ತು. ಗಿರಿಜಾ ಮೀಸೆ, ಕೆಂಪು ಕಣ್ಣು, ಗಡಸು ದನಿ, ಗೋಡೆಯ ಮೇಲೆ ಒಂದೆರಡು ಕೋಡು. ಚಾಮರಾಜಪೇಟೆಯ ಆ ಮನೆಯ ಬಾಗಿಲು ತೆರೆದವರಿಗೆ ಮೀಸೆಯೇ ಇರಲಿಲ್ಲ. ಹಣೆಯ ತುಂಬ ವಿಭೂತಿ, ಅರ್ಧ ತೋಳಿನ ಬನಿಯನ್ನು, ಎತ್ತಿ ಕಟ್ಟಿದ ಬಿಳಿ ಪಂಚೆ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು. ನಿವೃತ್ತ ಲೆಕ್ಕದ ಮೇಷ್ಟ್ರ ಮನೆಗೆ ತಪ್ಪಿ ಬಂದೆನೇನೋ ಎಂದುಕೊಂಡು, "ಇಲ್ಲಿ ಬಂದೂಕಿನ ಕೆಲಸ ಮಾಡೋರು..." ಎಂದು ರಾಗ ಎಳೆದೆ.

"ನಾನೇ. ಚಪ್ಪಲಿ ಹೊರಗಡೆ ಬಿಡಿ," ಎಂದರು.

ಅವರು ಲಿಂಗೈಕ್ಯರಾಗಿ ಎರಡು ತಿಂಗಳು ಕಳೆಯಿತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಾಗಿಲಿಗೆ ಒಂದು ಬೋರ್ಡನ್ನೂ ಹಾಕಿಸದ ಮನುಷ್ಯ ಅವರು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಬೇಕಾದೋರು ಹುಡುಕ್ಕೊಂಡ್ ಬರ್ತಾರೆ, ಬೇಡದೋರು ಬೋರ್ಡ್ ನೋಡ್ಕೊಂಡ್ ಬರ್ತಾರೆ," ಎಂದಿದ್ದರು. ಈಗ ನಾನು ಅವರ ಹೆಸರು ಬರೆದರೆ ಅದೂ ಒಂದು ಬೋರ್ಡೇ ಆಗಿಬಿಡುತ್ತದೆ.

ನಾನು ಅವರನ್ನು ಹುಡುಕಿಕೊಂಡು ಹೋದದ್ದು ಶುದ್ಧ ಹಠದಿಂದ. ಅಪ್ಪ ತೀರಿಕೊಂಡಾಗ ಅವರ ವಸ್ತುಗಳಲ್ಲಿ ಯಾರಿಗೂ ಬೇಡವಾಗಿ ಉಳಿದದ್ದು ಅವರ ರೈಫಲ್ಲು. ಪಾಯಿಂಟ್ ಟೂ ಟೂ ಅಳತೆಯ ನಳಿಗೆ, ಬೋಲ್ಟ್ ಆ್ಯಕ್ಷನ್; ಅಂದರೆ ಒಂದೊಂದು ಗುಂಡಿಗೂ ಬೋಲ್ಟಿನ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮತ್ತೆ ಮುಂದಕ್ಕೆ ದೂಡಿ ಕೂರಿಸಬೇಕು. ಅಪ್ಪ ಭಾನುವಾರದ ಬೆಳಗುಗಳನ್ನೆಲ್ಲ ರೈಫಲ್ ಕ್ಲಬ್ಬಿನ ಚಾಪೆಯ ಮೇಲೆ ಬೋರಲು ಮಲಗಿ, ಕಾಗದದ ಗುರಿಗೆ ಹೊಡೆಯುತ್ತ ಕಳೆದವರು. ಒಂದು ಗುಬ್ಬಿಯನ್ನೂ ಕೊಂದವರಲ್ಲ. ಹದಿನಾಲ್ಕನೆಯ ವಯಸ್ಸಿಗೆ ನನ್ನನ್ನೂ ಅದೇ ಚಾಪೆಯ ಮೇಲೆ ಮಲಗಿಸಿ ಕಲಿಸಿದರು. ಆಮೇಲೆ ಓದು, ಶೇಷಾದ್ರಿಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ, ಮದುವೆ, ಮನೆ ಎಂದು ಅದೆಲ್ಲ ಬಿಟ್ಟುಹೋಗಿತ್ತು.

"ಅದನ್ನ ಸ್ಟೇಷನ್‌ಗೆ ಒಪ್ಪಿಸಿ ಕೈ ತೊಳ್ಕೊಂಡ್ಬಿಡೋಣ ಅಕ್ಕಾ," ಎಂದ ತಮ್ಮ. "ಎಲೆಕ್ಷನ್ ಬಂದಾಗೆಲ್ಲ ಅಲ್ಲಿ ಇಟ್ಟು ಬರ್ಬೇಕು, ಯಾರು ಅದರ ಕಾಗದಪತ್ರ ಹಿಡ್ಕೊಂಡು ಓಡಾಡ್ತಾರೆ?"

"ನಾನು," ಎಂದೆ. ಅಷ್ಟು ಹೇಳುವವರೆಗೆ ನನಗೂ ಅದು ಗೊತ್ತಿರಲಿಲ್ಲ.

ಕಚೇರಿಯಿಂದ ಕಚೇರಿಗೆ ಅಲೆದು, ವಾರಸುದಾರಳೆಂದು ರುಜುವಾತು ಮಾಡಿ, ಕೊನೆಗೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಕ್ರೀಡೆಗೆಂದು ಕೊಟ್ಟ ಲೈಸೆನ್ಸು ಅದು. ನವೀಕರಣಕ್ಕೆ ಕ್ಲಬ್ಬಿನ ಪತ್ರ ಬೇಕು. ಪತ್ರ ಬೇಕೆಂದರೆ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಅರ್ಹತೆಯ ಅಂಕ ಬರಲೇಬೇಕು ಎಂದು ಕ್ಲಬ್ಬಿನ ಕಾರ್ಯದರ್ಶಿಗಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅಂಕ ಬಂದರೆ ರೈಫಲ್ಲು ನನ್ನ ಬಳಿ ಉಳಿಯುತ್ತದೆ, ಬರದಿದ್ದರೆ ಹೋಗುತ್ತದೆ. ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಮತ್ತೆ ಚಾಪೆ ಹಿಡಿದೆ.

ಅಭ್ಯಾಸದಲ್ಲಿ ಅಷ್ಟು ಅಂಕ ಬರಲಿಲ್ಲ. ಇಪ್ಪತ್ತು ಗುಂಡಾಗುವಷ್ಟರಲ್ಲಿ ಕಣ್ಣಲ್ಲಿ ನೀರು, ನಲವತ್ತಾಗುವಷ್ಟರಲ್ಲಿ ಭುಜದಲ್ಲಿ ನೋವು. ಅಪ್ಪ ನನಗಿಂತ ಮುಕ್ಕಾಲು ಅಡಿ ಎತ್ತರ, ನನ್ನ ತೋಳು ಅವರಷ್ಟು ಉದ್ದವಿಲ್ಲ. ಕಾರ್ಯದರ್ಶಿಗಳು ನನ್ನ ಗುರಿಯ ಕಾಗದವನ್ನು ನೋಡಿ, "ಮೇಡಂ, ಇದು ನಿಮ್ ತಂದೆ ಕಾಲದ್ದು. ಹೊಸದು ತರ್ಸಿ. ಇದರಲ್ಲಿ ಆಗಲ್ಲ," ಎಂದರು. ಆಗಲ್ಲ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಳೆಯ ರೈಫಲ್ಲನ್ನು ನನ್ನ ಮೈಗೆ ಹೊಂದುವ ಹಾಗೆ ಮಾಡಿಕೊಡುವ ಒಬ್ಬರನ್ನು ಹುಡುಕಿಯೇ ತೀರುತ್ತೇನೆ ಎಂದು ಹೊರಟೆ.

ಒಂದು ಅಂಗಡಿಯವನು ಅದನ್ನು ಅತ್ತಿತ್ತ ತಿರುಗಿಸಿ, "ಮರಕ್ಕೆ ಪಾಲಿಷ್ ಹೊಡ್ಸಿಕೊಡ್ತೀನಿ, ಪಳಪಳ ಅನ್ನತ್ತೆ," ಎಂದ. ಇನ್ನೊಬ್ಬ ತನಗೆ ಗೊತ್ತಿರುವ ಬಡಗಿಯ ನಂಬರು ಕೊಟ್ಟ. ವಿಚಾರಿಸಿದರೆ ಆ ಬಡಗಿ ಅಡುಗೆಮನೆಯ ಕಪಾಟು ಮಾಡುವವನು. ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ಕೊನೆಗೆ ಹೇಳಿದರು: "ಚಾಮರಾಜಪೇಟೇಲಿ ಒಬ್ರಿದಾರೆ. ಕೈ ಅಂದ್ರೆ ಕೈ ಅವರದು. ಆದರೆ ಅವರು ನಿಮ್ಮನ್ನ ಒಪ್ಕೋಬೇಕು." ರೈಫಲ್ಲನ್ನು ಚೀಲಕ್ಕೆ ಹಾಕಿ, ಲೈಸೆನ್ಸು ಕೈಯಲ್ಲಿ ಹಿಡಿದು ಶಂಕರಪುರದ ನಮ್ಮ ಮನೆಯಿಂದ ಆಟೋ ಹತ್ತಿದೆ. ಡ್ರೈವರು ಚೀಲ ನೋಡಿ, "ಕಚೇರಿ ಎಲ್ಲಿ ಮೇಡಂ ಇವತ್ತು?" ಎಂದು ಕೇಳಿದ. ಸಂಗೀತ ಕಚೇರಿಯ ಮಾತು. ಚಾಮರಾಜಪೇಟೆಯಲ್ಲಿ ಎಂದೆ.

ಅವರ ಕೆಲಸದ ಕೋಣೆ ಮನೆಯ ಹಿತ್ತಲಿನಲ್ಲಿತ್ತು. ಗೋಡೆಯ ಮೇಲೆ ಶಿವನ ಪಟ, ಅದರ ಪಕ್ಕ ಅದೇ ಅಳತೆಯ ಚೌಕಟ್ಟಿನಲ್ಲಿ ಸರ್ಕಾರದ ಲೈಸೆನ್ಸು. ಬೆಳಿಗ್ಗೆ ಪೂಜೆಯಾದ ಮೇಲೆ ಎರಡಕ್ಕೂ ಹೂ ಏರಿಸುತ್ತಿದ್ದರು. ನಾನು ಚೀಲದ ಜಿಪ್ಪಿಗೆ ಕೈ ಹಾಕಿದ ಕೂಡಲೇ, "ನಿಲ್ಲಿ," ಎಂದು ಒಂದು ಸ್ಟೀಲ್ ಡಬ್ಬಿಯನ್ನು ಮುಂದಕ್ಕೆ ಚಾಚಿದರು. "ಮೊದಲು ಬೋಲ್ಟ್ ಡಬ್ಬಿಗೆ. ಆಮೇಲೆ ಮಾತು." ಯಾರೇ ಬರಲಿ, ಎಷ್ಟೇ ದೊಡ್ಡವರಿರಲಿ, ಬೋಲ್ಟು ಕಳಚಿ ಆ ಡಬ್ಬಿಗೆ ಬಿದ್ದು ಮುಚ್ಚಳ ಹಾಕುವವರೆಗೆ ಅವರು ನಮಸ್ಕಾರವನ್ನೂ ಹೇಳುತ್ತಿರಲಿಲ್ಲ. ಬೋಲ್ಟಿಲ್ಲದ ಬಂದೂಕಿನಿಂದ ಗುಂಡು ಹಾರುವುದಿಲ್ಲ, ಅದಕ್ಕೇ ಆ ಶಿಸ್ತು; ಮೊದಲ ದಿನ ಮಾತ್ರ ಅದು ನನಗೆ ಒರಟುತನವಾಗಿ ಕಂಡಿತು.

"ಬೇಟೆಗೋ, ಗುರಿಗೋ?"

"ಗುರಿಗೆ."

"ಬೇಟೆ ಬಂದೂಕು ನಾನು ಮುಟ್ಟಲ್ಲ. ಕೇಳ್ಬಿಡೋದು ಒಳ್ಳೇದು ಅಂತ ಕೇಳ್ದೆ." ಅವರ ಮನೆಯಲ್ಲಿ ಮೊಟ್ಟೆಯೂ ಬರುತ್ತಿರಲಿಲ್ಲ. ಈರುಳ್ಳಿ ಹೆಚ್ಚುವ ಚಾಕುವಿಗೂ ಉಳಿಗೂ ಸಾಣೆ ಹಿಡಿಯುತ್ತ ಜೀವನ ಶುರು ಮಾಡಿದವರು ಬಂದೂಕಿನ ತನಕ ಹೇಗೆ ಬಂದರು ಎಂದು ಕೇಳಿದರೆ, "ಹೊಟ್ಟೆಪಾಡು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೊಟ್ಟೆಪಾಡಿಗೆ ಯಾರೂ ಹಾಗೆ ಕೆಲಸ ಮಾಡುವುದಿಲ್ಲ ಎಂಬುದು ಆಮೇಲೆ ನನಗೆ ಗೊತ್ತಾಯಿತು.

ಅವತ್ತು ಅವರು ರೈಫಲ್ಲನ್ನು ಮುಟ್ಟಲೇ ಇಲ್ಲ. ಅವರ ಸೊಸೆ ಕಾಫಿ ತಂದುಕೊಟ್ಟರು. ನಾನು ಲೋಟ ತೆಗೆದುಕೊಳ್ಳುವುದನ್ನು, ಊದುವುದನ್ನು, ಕೆಳಗಿಡುವುದನ್ನು ಆ ಹಿರಿಯರು ರೆಪ್ಪೆ ಹೊಡೆಯದೆ ನೋಡುತ್ತಿದ್ದರು. ನನಗೆ ಮುಜುಗರ. ಬಳಿಕ ಟೈಲರ್ ಟೇಪೊಂದನ್ನು ಸೊಸೆಯ ಕೈಗೆ ಕೊಟ್ಟು, ನನ್ನ ಭುಜ, ಕತ್ತು, ಮೊಣಕೈ, ಕೆನ್ನೆಯ ಮೂಳೆ ಎಲ್ಲ ಅಳೆಸಿದರು. ತಾವು ದೂರ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಪುಸ್ತಕದಲ್ಲಿ ಬಂದೂಕುಗಳ ವಿವರ ಒಂದೂ ಇರಲಿಲ್ಲ, ಎಲ್ಲ ಬಂದೂಕು ತಂದ ಜನರ ವಿವರ. ಬಗ್ಗಿ ನನ್ನ ಪುಟ ಓದಿದೆ: "ಟೀಚರಮ್ಮ. ಕತ್ತು ಉದ್ದ, ತೋಳು ಗಿಡ್ಡ. ಉಸಿರು ಮೇಲೆ. ಸಿಟ್ಟು ಜಾಸ್ತಿ."

"ನಾನು ಟೀಚರಲ್ಲ, ಲೆಕ್ಚರರು," ಎಂದೆ.

"ಸಿಟ್ಟು ಸರಿ ಇದೆಯಲ್ಲ?" ಎಂದರು. ಅವತ್ತಿನಿಂದ ಕೊನೆಯವರೆಗೆ ನಾನು ಅವರಿಗೆ ಟೀಚರಮ್ಮನೇ, ಅವರು ನನಗೆ ಯಜಮಾನ್ರು.

ಎರಡನೆಯ ಭೇಟಿಯಲ್ಲಿ ರೈಫಲ್ಲು ಮೇಜು ಹತ್ತಿತು. ಕಬ್ಬಿಣದ ಮೇಲೆ ಒಂದೇ ಸಾಲಿನಲ್ಲಿ ಮೂರು ದುಂಡನೆಯ ತುಕ್ಕಿನ ಗುಳಿಗಳಿದ್ದವು. ಅವುಗಳ ಮೇಲೆ ಉಗುರಾಡಿಸಿ, "ಆಯುಧಪೂಜೆ?" ಎಂದು ಕೇಳಿದರು. ನಾನು ಬೆರಗಾದೆ. ಅಮ್ಮ ವರ್ಷಾ ವರ್ಷಾ ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಮೂರು ಬೊಟ್ಟು ಇಡುತ್ತಿದ್ದರು. ಪೂಜೆ ಮಾಡಿದ್ದನ್ನು ಕೂಡಲೇ ಒರೆಸಬಾರದೆಂದು ಹತ್ತು ದಿನ ಹಾಗೇ ಬಿಡುತ್ತಿದ್ದರು. ಯಜಮಾನ್ರು ನಕ್ಕರು. ನವರಾತ್ರಿ ಮುಗಿದ ವಾರವೇ ತಮಗೆ ಸೀಸನ್ನು ಎಂದರು. ಒಬ್ಬರು ನಳಿಗೆಗೆ ನಿಂಬೆಹಣ್ಣು ಕತ್ತರಿಸಿ ಸಿಕ್ಕಿಸಿದ್ದರಂತೆ, ಇನ್ನೊಬ್ಬರು ಬಂದೂಕಿನ ಮೇಲೆಯೇ ಬೂದುಗುಂಬಳ ಒಡೆದು ರಸವನ್ನೆಲ್ಲ ಒಳಗೆ ಇಳಿಸಿದ್ದರಂತೆ. "ಭಕ್ತಿ ತಪ್ಪಲ್ಲ. ಮುಂದಿನ ಸಲದಿಂದ ಎಣ್ಣೇಲಿ ಕಲಸಕ್ಕೆ ಹೇಳಿ ಅಮ್ಮಂಗೆ," ಎಂದರು. ಅಮ್ಮ ಈಗ ಎಣ್ಣೆಯಲ್ಲೇ ಕಲಸುತ್ತಾರೆ.

ಅವರಿಗೆ ಯಾರ ಮುಲಾಜೂ ಇರಲಿಲ್ಲ. ಒಮ್ಮೆ ನಾನಿದ್ದಾಗಲೇ ಕೊರಳ ತುಂಬ ಸರ ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯರು ಬಂದು, ತಮ್ಮ ಪಿಸ್ತೂಲಿಗೆ ಬಂಗಾರದ ಬಣ್ಣ ಹಾಕಿಸಿ ಹಿಡಿಯ ಮೇಲೆ ಹೆಸರು ಕೆತ್ತಿಸಬೇಕೆಂದರು. "ಅವೆನ್ಯೂ ರೋಡ್ ಕಡೆ ಹೋಗಿ ಸ್ವಾಮಿ, ಅಲ್ಲಿ ಒಡವೆ ಮಾಡೋರಿದಾರೆ," ಎಂದು ಯಜಮಾನ್ರು ಎದ್ದು ಬಾಗಿಲ ತನಕ ಬಿಟ್ಟು ಬಂದರು. ಅವರು ಗುಂಡು ಹಾರಿಸುತ್ತಿದ್ದದ್ದು ತಮ್ಮ ಕೆಲಸದ ಪರೀಕ್ಷೆಗೆ ಮಾತ್ರ, ಅದೂ ಕ್ಲಬ್ಬಿನ ಮಣ್ಣಿನ ದಿಬ್ಬಕ್ಕೆ. ಗುರಿಯ ಕಾಗದವನ್ನು ಹಚ್ಚುತ್ತಲೇ ಇರಲಿಲ್ಲ. "ಗುರಿ ನಿಮ್ ಕೆಲಸ. ನನ್ ಕೆಲಸ ಮರ," ಎನ್ನುತ್ತಿದ್ದರು. ಬಂದೂಕಿನ ಮರದ ಭಾಗಕ್ಕೆ, ಭುಜಕ್ಕೆ ಒತ್ತಿ ಕೆನ್ನೆ ಒರಗಿಸುವ ಆ ಇಡೀ ಭಾಗಕ್ಕೆ, ಅವರು ಬರಿಯ ಮರ ಎನ್ನುತ್ತಿದ್ದರು.

ಅವರು ನನ್ನ ಕಣ್ಣಿನ ಗುಟ್ಟು ಹಿಡಿದದ್ದು ಮೂರನೆಯ ಭೇಟಿಯಲ್ಲಿ. ಹಳೆಯ ಕ್ಯಾಲೆಂಡರಿನ ಹಾಳೆಯ ನಡುವೆ ಒಂದು ತೂತು ಮಾಡಿ ನನ್ನ ಕೈಗೆ ಕೊಟ್ಟರು. ಎರಡೂ ಕಣ್ಣು ಬಿಟ್ಟುಕೊಂಡು ತೂತಿನ ಮೂಲಕ ಹಿತ್ತಲಿನ ನಲ್ಲಿಯನ್ನು ನೋಡುತ್ತ, ಹಾಳೆಯನ್ನು ಮೆಲ್ಲಗೆ ಮುಖದ ಹತ್ತಿರ ತರಲು ಹೇಳಿದರು. ತೂತು ಬಂದು ನಿಂತದ್ದು ಎಡಗಣ್ಣಿಗೆ. ಇನ್ನೊಮ್ಮೆ ಮಾಡಿಸಿದರು. ಮತ್ತೆ ಎಡಗಣ್ಣು.

"ನೀವು ಎಡಚರು."

"ಅಲ್ಲ. ಬಲಗೈಲೇ ಬರೀತೀನಿ, ಬಲಗೈಲೇ ಊಟ ಮಾಡ್ತೀನಿ."

"ಕಾಫಿ ಲೋಟಕ್ಕೆ ಮೊದಲು ಎಡಗೈ ಚಾಚಿದ್ರಿ. ಆಮೇಲೆ ನೆನಪು ಮಾಡ್ಕೊಂಡು ಬಲಗೈ ತಂದ್ರಿ. ಮೊದಲನೇ ದಿನವೇ ನೋಡ್ದೆ. ಯಾರು ತಿರುಗಿಸಿದ್ದು ನಿಮ್ಮನ್ನ?"

ಯಾರು ಎಂದು ಹೇಳುವುದು? ಎಡಗೈಯಲ್ಲಿ ತುತ್ತು ಎತ್ತಿದರೆ ಅಮ್ಮ ಸೌಟಿನಲ್ಲಿ ಕೊಡುತ್ತಿದ್ದ ಪೆಟ್ಟು ನೆನಪಾಯಿತು. ಶಾಲೆಯಲ್ಲಿ ಬಳಪವನ್ನು ಎಡಗೈಯಿಂದ ಕಿತ್ತು ಬಲಗೈಗೆ ಇಡುತ್ತಿದ್ದ ಮೇಷ್ಟ್ರು ನೆನಪಾದರು. ಅಪ್ಪ ಒಂದು ಏಟೂ ಹೊಡೆದವರಲ್ಲ. ಆದರೆ ರೈಫಲ್ಲು ಬಲಗೈಯವರದು, ಅದರಲ್ಲಿ ಕಲಿಯಬೇಕೆಂದರೆ ಬಲಭುಜಕ್ಕೇ ಇಟ್ಟುಕೊಳ್ಳಬೇಕಿತ್ತು. ಹದಿನಾಲ್ಕನೆಯ ವಯಸ್ಸಿನಿಂದಲೂ ರೈಫಲ್ಲು ಹಿಡಿದಾಗೆಲ್ಲ ನಾನು ಕಾಣುವ ಕಣ್ಣನ್ನು ಬಿಗಿಯಾಗಿ ಮುಚ್ಚಿ, ಅಷ್ಟಾಗಿ ಕಾಣದ ಕಣ್ಣಿನಿಂದ ಗುರಿ ಹುಡುಕುತ್ತಿದ್ದೆ. ಯಜಮಾನ್ರು ನನ್ನ ಮುಖ ನೋಡದೆ ಉಳಿಗಳನ್ನು ಜೋಡಿಸುತ್ತ ಕೂತರು.

ಜಗಳವಾದದ್ದು ಇದರ ಬೆನ್ನಿಗೇ. ಎಡಭುಜಕ್ಕೆ ಒಗ್ಗಬೇಕೆಂದರೆ ಬೋಲ್ಟಿನ ಹಿಡಿಯನ್ನು ಉದ್ದ ಮಾಡಬೇಕು, ಮರವನ್ನು ಗಿಡ್ಡ ಮಾಡಬೇಕು, ಎಡಬದಿಯಲ್ಲಿ ಉಬ್ಬಿಕೊಂಡಿರುವ ಕೆನ್ನೆಯ ಜಾಗವನ್ನು ಕತ್ತರಿಸಿ ತೆಗೆದು ಬಲಬದಿಯನ್ನು ನನ್ನ ಕೆನ್ನೆಗೆ ಕೆತ್ತಬೇಕು ಎಂದರು. ಆ ಉಬ್ಬು ಅಪ್ಪನ ಕೆನ್ನೆ ತಾಗಿ ತಾಗಿ ನುಣುಪಾಗಿತ್ತು. ಅಲ್ಲಿ ಮೂಗಿಟ್ಟರೆ ಅವರ ಶೇವಿಂಗ್ ಸೋಪಿನ ವಾಸನೆ ಇದೆಯೆಂದು ನನಗೆ ಅನ್ನಿಸುತ್ತಿತ್ತು. ಹೊಸ ಮರದಲ್ಲಿ ಮಾಡಿಕೊಡಿ ಎಂದೆ.

"ಹೊಸ ಮರ ಮಳೆಗಾಲಕ್ಕೆ ಉಬ್ಬತ್ತೆ, ಬೇಸಿಗೆಗೆ ಸೊರಗತ್ತೆ. ಒಣಗಿ ಹದಕ್ಕೆ ಬರಕ್ಕೆ ವರ್ಷಗಟ್ಲೆ ಬೇಕು. ಸ್ಪರ್ಧೆಗೆ ಇರೋದು ಏಳು ತಿಂಗಳು. ಈ ಮರ ಹದ ಆಗಿದೆ."

"ಅದು ನಮ್ಮಪ್ಪನ ಕೆನ್ನೆ ಸವೆಸಿದ ಜಾಗ. ಕತ್ತರಿಸಕ್ಕೆ ಬಿಡಲ್ಲ."

"ಹಂಗಾದ್ರೆ ಗೋಡೆಗೆ ತಗಲಾಕಿ ಹಾರ ಹಾಕಿ. ನನ್ನ ಹತ್ರ ಯಾಕೆ ತಂದ್ರಿ?"

ಬೋಲ್ಟನ್ನು ಡಬ್ಬಿಯಿಂದ ತೆಗೆದುಕೊಂಡು ದಡದಡ ಹೊರಟುಬಂದೆ. ಬೀದಿ ತುಂಬ ಅವರನ್ನು ಮನಸ್ಸಿನಲ್ಲೇ ಬಯ್ದುಕೊಂಡೆ. ಕಲ್ಲು ಮನಸ್ಸಿನ ಮನುಷ್ಯ ಅಂದೆ, ಕಟುಕ ಅಂದೆ. ಮೂರು ವಾರ ಮೊದಲಿನ ಹಾಗೇ ಬಲಭುಜಕ್ಕಿಟ್ಟು ಹೊಡೆದೆ. ಅಂಕ ಎರಡು ಸಲ ಇಳಿಯಿತು, ಒಂದು ಸಲ ನಿಂತಲ್ಲೇ ನಿಂತಿತು. ನಾಲ್ಕನೆಯ ಭಾನುವಾರ ಕ್ಲಬ್ಬಿನಲ್ಲಿ ಯಾರೂ ಬರುವ ಮೊದಲೇ ಹೋಗಿ ರೈಫಲ್ಲನ್ನು ಎಡಭುಜಕ್ಕೆ ಇಟ್ಟುಕೊಂಡೆ. ಬೋಲ್ಟು ಕೈಗೆ ಸಿಗುತ್ತಿರಲಿಲ್ಲ, ಕೆನ್ನೆಗೆ ಆಸರೆ ಇರಲಿಲ್ಲ, ಎಲ್ಲ ಎಡವಟ್ಟು. ಆದರೂ ಹತ್ತು ಗುಂಡು ಹೊಡೆದು ಕಾಗದ ತರಿಸಿ ನೋಡಿದರೆ ಹತ್ತೂ ಒಂದು ಲೋಟದ ಬಾಯಿಯಷ್ಟು ಜಾಗದಲ್ಲಿ ಬಿದ್ದಿದ್ದವು. ಅಷ್ಟು ಹತ್ತಿರ ನನ್ನ ಗುಂಡುಗಳು ಜನ್ಮದಲ್ಲಿ ಬಿದ್ದಿರಲಿಲ್ಲ. ಚಾಪೆಯ ಮೇಲೆ ಹಾಗೇ ಕೂತು ಅತ್ತೆ. ಅಪ್ಪನ ಗುರುತು ಬೇಕೋ, ಅಪ್ಪನ ರೈಫಲ್ಲು ಬೇಕೋ ಎಂದು ಅವತ್ತೇ ತೀರ್ಮಾನ ಮಾಡಿಕೊಂಡೆ.

ಮತ್ತೆ ಅವರ ಬಾಗಿಲಿಗೆ ಹೋದಾಗ, ಹೇಳಿರಲಿಲ್ಲವೇ ಎಂದು ಅವರು ಆಡಿ ತೋರಿಸಲಿಲ್ಲ. ಡಬ್ಬಿ ಚಾಚಿದರು. ಬೋಲ್ಟು ಹಾಕಿದೆ. ಕಿವಿಯ ಮೇಲಿನ ಪೆನ್ಸಿಲು ತೆಗೆದು ನನ್ನ ಕೈಗೆ ಕೊಟ್ಟರು.

"ಎಲ್ಲಿ ಕತ್ತರಿಸ್ಬೇಕೋ ಗೆರೆ ನೀವೇ ಹಾಕಿ. ಬಂದೂಕಿನೋರು ಗೆರೆ ಹಾಕದೆ ನಾನು ಯಾವ ಮರಕ್ಕೂ ಗರಗಸ ಇಡಲ್ಲ."

"ನನಗೆ ಗೊತ್ತಾಗಲ್ಲ ಯಜಮಾನ್ರೇ."

"ಗೊತ್ತಾಗ್ಬೇಕು ಅಂತಿಲ್ಲ. ನಾನು ಆಮೇಲೆ ಸರಿ ಮಾಡ್ಕೋತೀನಿ. ಗೆರೆ ನಿಮ್ದಾಗಿರ್ಬೇಕು, ಅಷ್ಟೇ."

ಗೆರೆ ಸೊಟ್ಟಗಾಯಿತು. ಯಾವ ಕೈಯಲ್ಲಿ ಎಳೆದೆ ಎಂದು ಆಮೇಲೆ ಗಮನಿಸಿದೆ. ಎಡಗೈ.

ಒಂದೇ ಏಟಿಗೆ ಅವರು ಏನನ್ನೂ ಮಾಡುತ್ತಿರಲಿಲ್ಲ. ಮೊದಲು ಹಲಸಿನ ಮರದ ತುಂಡೊಂದರಲ್ಲಿ ಒಂದು ಮಾದರಿ ಕೆತ್ತಿ, ದರ್ಜಿಯವರ ಹಾಗೆ ಅದಕ್ಕೆ ಕಚ್ಚಾ ಎಂದು ಕರೆದು, ಆರು ಭಾನುವಾರ ನನ್ನನ್ನು ಹಿತ್ತಲಿನಲ್ಲಿ ಚಾಪೆ ಹಾಸಿ ಮಲಗಿಸಿದರು. ಕಣ್ಣು ಮುಚ್ಚಿ ಭುಜಕ್ಕಿಟ್ಟುಕೊಳ್ಳಬೇಕು, ಕಣ್ಣು ಬಿಟ್ಟಾಗ ಎದುರಿನ ಗೋಡೆಯ ಚುಕ್ಕೆ ನೇರ ಕಾಣಬೇಕು. ಕಾಣದಿದ್ದರೆ ಅರದಿಂದ ಎರಡೆಳೆತ, ಮತ್ತೆ ಮಲಗು. ಸೊಸೆ ಒಗೆದ ಬಟ್ಟೆ ಹರವಲು ನನ್ನನ್ನು ದಾಟಿಕೊಂಡು ಓಡಾಡುತ್ತಿದ್ದರು. ಯಜಮಾನ್ರ ಅಳತೆಯೆಲ್ಲ ನೂಲಿನಲ್ಲಿ, ಅಂದರೆ ಇಂಚಿನ ಎಂಟನೆಯ ಒಂದು ಭಾಗ. ಅರ್ಧ ನೂಲು, ಕಾಲು ನೂಲು ಎಂದು ಮೇಲಿಂದ ಮೇಲೆ ಗೊಣಗುತ್ತಿದ್ದರು. ಕಚ್ಚಾ ಒಪ್ಪಿಗೆಯಾದ ಮೇಲೆ ಅದನ್ನು ನೋಡಿಕೊಂಡು ಅಪ್ಪನ ಮರವನ್ನು ಕೆತ್ತಿದರು. ಮುಟ್ಟಿ ನೋಡಿದೆ. ಎಲ್ಲಿ ಮುಟ್ಟಿದರೂ ನನ್ನದೇ ಅನ್ನಿಸಿತು.

ಅಷ್ಟೆಲ್ಲ ಆದ ಮೇಲೂ ಕ್ಲಬ್ಬಿನ ರೇಂಜಿನಲ್ಲಿ ಅರವತ್ತರಲ್ಲಿ ಕೊನೆಯ ಇಪ್ಪತ್ತು ಗುಂಡು ಚದುರಿದವು. ಒಂದು ವಾರವಲ್ಲ, ಸತತ ಮೂರು ವಾರ. ಹಿತ್ತಲಿನಲ್ಲಿ ಸರಿಯಿದ್ದದ್ದು ಇಲ್ಲಿ ಕತ್ತು ಹಿಡಿದುಕೊಂಡಂತಾಗಿ ಕೆನ್ನೆ ಮರವನ್ನು ಬಿಟ್ಟು ಏಳುತ್ತಿತ್ತು. ಸ್ಪರ್ಧೆಗೆ ಒಂದೂವರೆ ತಿಂಗಳಿತ್ತು. ಹೇಳಿದೆ. ಯಜಮಾನ್ರು ಭಾನುವಾರ ಬಿಳಿ ಷರಟು ಹಾಕಿಕೊಂಡು ಕ್ಲಬ್ಬಿಗೆ ಬಂದರು. ನನ್ನ ಹಿಂದೆ ಒಂದು ಮಡಚು ಕುರ್ಚಿ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿ ಕೂತರು. ನಿದ್ದೆ ಮಾಡುತ್ತಿದ್ದಾರೆಂದೇ ಎಲ್ಲರೂ ತಿಳಿದರು. ನಲವತ್ತೆರಡನೆಯ ಗುಂಡಿಗೆ, "ನಿಲ್ಸಿ ಟೀಚರಮ್ಮ," ಎಂದರು.

ಬೋಲ್ಟು ತೆಗೆದಿಟ್ಟು ತಿರುಗಿದೆ. ಅವರು ನನ್ನ ತಲೆಯ ಹಿಂಭಾಗವನ್ನು ನೋಡುತ್ತಿದ್ದರು.

"ಅದೇನು?"

"ತುರುಬು."

"ನಮ್ಮನೆಗೆ ಬಂದಾಗೆಲ್ಲ ಜಡೆ ಇರ್ತಿತ್ತು."

"ಭಾನುವಾರ ಎಣ್ಣೆಸ್ನಾನ ಮಾಡಿ ಮಧ್ಯಾಹ್ನ ನಿಮ್ಮನೆಗೆ ಬರ್ತಿದ್ದೆ, ಒದ್ದೆ ಕೂದಲು ಅಂತ ಸಡಿಲ ಜಡೆ. ಇಲ್ಲಿಗೆ ಬರುವಾಗ ಕಣ್ಣಿಗೆ ಬೀಳಬಾರದು ಅಂತ ಎತ್ತಿ ಕಟ್ತೀನಿ."

ಅವರು ಹಣೆ ಹಣೆ ಬಡಿದುಕೊಂಡರು. ಬೋರಲು ಮಲಗಿ ತಲೆಯೆತ್ತಿದಾಗ ಗುರಿ ಹೊಡೆಯುವಾಗ ತೊಡುವ ಕೋಟಿನ ದಪ್ಪ ಕಾಲರಿಗೆ ತುರುಬು ತಾಗಿ ತಲೆಯನ್ನು ಮುಂದಕ್ಕೆ ದೂಡುತ್ತಿತ್ತು. ಮುಂದೆ ಸರಿದ ಕೆನ್ನೆಗೆ ಆಸರೆಯಾಗಬೇಕಾದ ಜಾಗದಲ್ಲಿ ಮರವನ್ನು ಅವರೇ ಕೆತ್ತಿ ತೆಳ್ಳಗೆ ಮಾಡಿದ್ದರು. "ನಲವತ್ತು ವರ್ಷ ಗಂಡಸರ ಕತ್ತೇ ಅಳೆದಿದ್ದು. ಹೆಂಗಸರಿಗೆ ಕೂದಲಿರತ್ತೆ ಅಂತ ತಲೆಗೇ ಬರಲಿಲ್ಲವಲ್ಲ. ತಪ್ಪು ನಂದು," ಎಂದು ಅಲ್ಲಿದ್ದ ಕಾರ್ಯದರ್ಶಿಗಳ ಎದುರಿಗೇ ಹೇಳಿದರು. ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡ ಗಂಡಸನ್ನು ನಾನು ನನ್ನ ಕಾಲೇಜಿನಲ್ಲಿ ಇವತ್ತಿಗೂ ಕಂಡಿಲ್ಲ.

"ಇಷ್ಟೇ ತಾನೇ, ಜಡೆ ಹಾಕ್ಕೊಂಡ್ ಬರ್ತೀನಿ," ಎಂದೆ. "ಬೇಕಾದ್ರೆ ಕತ್ತರಿಸೇ ಬಿಡ್ತೀನಿ."

ಅವರಿಗೆ ಸಿಟ್ಟು ಬಂದದ್ದನ್ನು ಅವತ್ತೇ ನೋಡಿದ್ದು. "ಮರ ನಿಮಗೆ ಹೊಂದ್ಬೇಕು, ನೀವು ಮರಕ್ಕಲ್ಲ. ಚಿಕ್ಕಂದಿನಲ್ಲಿ ಒಂದ್ಸಲ ಎಲ್ಲಾರೂ ಸೇರಿ ನಿಮ್ಮನ್ನ ತಿರುಗಿಸಿದ್ದು ಸಾಲ್ದಾ? ಈಗ ನೀವೇ ಶುರು ಮಾಡ್ತೀರಾ?"

ಆ ಮಾತಿಗಾಗಿ ನಾನು ಅವರಿಗೆ ಈ ಜನ್ಮವಿಡೀ ಋಣಿ.

ತೆಳ್ಳಗಾದ ಜಾಗಕ್ಕೆ ಮರ ಸೇರಿಸಬೇಕಿತ್ತು. ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ತೆಗೆದರು. ಅಪ್ಪನ ಕೆನ್ನೆಯ ಉಬ್ಬು. ಅದನ್ನು ಅವರು ಉಳಿಯಲ್ಲಿ ಚಕ್ಕೆ ಚಕ್ಕೆಯಾಗಿ ಕೆತ್ತಿ ಹಾಕದೆ, ಗರಗಸದಲ್ಲಿ ಒಂದೇ ತುಂಡಾಗಿ ಕೊಯ್ದು ಎತ್ತಿಟ್ಟಿದ್ದರು. ನನ್ನ ಕಣ್ಣು ತುಂಬಿದ್ದು ಕಂಡು, "ಹಂಗೆಲ್ಲ ಏನಿಲ್ಲ. ಅದೇ ಮರ ಆದ್ರೆ ಉಬ್ಬೋದು ಸೊರಗೋದು ಒಂದೇ ಸಮ ಇರತ್ತೆ," ಎಂದರು. ಬೇಕಾದದ್ದಕ್ಕಿಂತ ದಪ್ಪಗೆ ಅಂಟಿಸಿದರು. ತೆಗೆಯುವುದು ಸುಲಭ, ಸೇರಿಸುವುದು ಕಷ್ಟ, ಅಂಟು ಪೂರ್ತಿ ಒಣಗಿದ ಮೇಲೆ ನಿಧಾನವಾಗಿ ಇಳಿಸೋಣ ಎಂದರು.

ಸ್ಪರ್ಧೆಗೆ ಹತ್ತು ದಿನ ಇದ್ದಾಗ ಸೊಸೆಯ ಫೋನು ಬಂತು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರು. "ಮಾವ ಒಂದೇ ಸಮ ಹೇಳ್ತಿದಾರೆ, ನಿಮ್ ರೈಫಲ್ ತಗೊಂಡ್ ಹೋಗ್ಬೇಕಂತೆ. ಜೊತೆಗೆ ಸಣ್ಣ ಅರ, ಉಪ್ಪುಕಾಗದ." ಹೋಗಿ ಮೂರನ್ನೂ ಮನೆಗೆ ತಂದೆ. ಮರುದಿನ ಮಧ್ಯಾಹ್ನ ಯಜಮಾನ್ರೇ ಫೋನಿನಲ್ಲಿ ಮಾತಾಡಿದರು. ದನಿ ಕುಗ್ಗಿತ್ತು.

"ಮರ ಇಳಿಸಬೇಕು. ನೀವೇ ಮಾಡಿ."

"ನನ್ನ ಕೈಲಿ ಆಗಲ್ಲ ಯಜಮಾನ್ರೇ." ನನಗೆ ಮೈ ಉರಿಸುವ ಆ ಮಾತನ್ನು ನಾನೇ ಆಡಿದ್ದೆ.

"ಫೋನನ್ನ ಮರದ ಪಕ್ಕ ಇಡಿ. ಅರ ಹಿಡೀರಿ, ಎಡಗೈಲೇ. ಒಂದೇ ದಿಕ್ಕಿಗೆ ಎಳೀರಿ. ನಾನು ಕೇಳಿಸ್ಕೋತೀನಿ."

ಊಟದ ಮೇಜಿನ ಮೇಲೆ ಹಳೆಯ ಸೀರೆ ಹಾಸಿ, ಬೋಲ್ಟು ತೆಗೆದ ರೈಫಲ್ಲನ್ನು ಮಲಗಿಸಿ ಎಳೆಯತೊಡಗಿದೆ. ಅತ್ತ ಕಡೆ ಆಸ್ಪತ್ರೆಯ ಗದ್ದಲ, ಯಾವುದೋ ಯಂತ್ರದ ಕೀಚು, ಅದರ ನಡುವೆ ಅವರ ಉಸಿರು. "ಒತ್ತಬೇಡಿ." "ಈಗ ಸರಿ." "ಇನ್ನೂ." ಬಹಳ ಹೊತ್ತಿನ ಮೇಲೆ ಅರದ ಕರಕರ ಸದ್ದು ಒಂದು ಕಡೆ ಸಣ್ಣಗಾಯಿತು. ನನಗೆ ಅದು ತಿಳಿಯುವ ಮೊದಲೇ ಅವರು, "ಸದ್ದು ಬದಲಾಯ್ತು. ಸಾಕು," ಎಂದರು. ಮೂರು ದಿನ ಹೀಗೆ ನಡೆಯಿತು. ಪ್ರತಿ ದಿನ ಹದಿನೈದು ನಿಮಿಷ, ನರ್ಸು ಫೋನು ಕಸಿದುಕೊಳ್ಳುವವರೆಗೆ.

ಸ್ಪರ್ಧೆಯ ದಿನ ನಾನು ತುರುಬು ಕಟ್ಟಿಕೊಂಡೇ ಹೋದೆ. ಅರವತ್ತು ಗುಂಡು. ಕೊನೆಯ ಹತ್ತರಲ್ಲೂ ಕೆನ್ನೆ ಮರವನ್ನು ಬಿಡಲಿಲ್ಲ. ಅರ್ಹತೆಗೆ ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚು ಬಂತು. ಕಾರ್ಯದರ್ಶಿಗಳು ಕೈ ಕುಲುಕಿ, ಪತ್ರ ಸೋಮವಾರವೇ ಕೊಡುವೆನೆಂದರು. ರೈಫಲ್ಲು ಉಳಿಯಿತು. ಅದನ್ನು ಮನೆಯಲ್ಲಿ ಭದ್ರವಾಗಿ ಇಟ್ಟು, ಅಂಕದ ಹಾಳೆ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋದೆ.

ಅವರು ತುಂಬ ಇಳಿದುಹೋಗಿದ್ದರು. ಹಣೆಯ ಮೇಲೆ ವಿಭೂತಿ ಮಾತ್ರ ಅಚ್ಚುಕಟ್ಟಾಗಿತ್ತು. ಹಾಳೆಯನ್ನು ಕೈಗೆ ಕೊಟ್ಟೆ. ಅದನ್ನು ಅವರು ತಿರುಗಿಸಿಯೂ ನೋಡದೆ ಹೊದಿಕೆಯ ಮೇಲೆ ಇಟ್ಟರು.

"ಕೊನೇ ಹತ್ತರಲ್ಲಿ ಕತ್ತು ನೋಯ್ತಾ?"

ಇಲ್ಲ ಎನ್ನಬಹುದಿತ್ತು. ಆ ಸ್ಥಿತಿಯಲ್ಲಿರುವ ಮನುಷ್ಯನಿಗೆ ಯಾರೇ ಆದರೂ ಇಲ್ಲವೆಂದೇ ಹೇಳುತ್ತಿದ್ದರು. ಆದರೆ ಅವರ ಮುಂದೆ ಸುಳ್ಳು ಹೇಳುವ ಅಭ್ಯಾಸ ನನಗಿರಲಿಲ್ಲ.

"ಚೂರು ನೋಯ್ತು," ಎಂದೆ.

"ಎಲ್ಲಿ?"

ಕಿವಿಯ ಕೆಳಗೆ ಬೆರಳಿಟ್ಟು ತೋರಿಸಿದೆ. ಕಣ್ಣು ಕಿರಿದು ಮಾಡಿ ಆ ಜಾಗವನ್ನೇ ನೋಡಿದರು. ಹೊದಿಕೆಯ ಮೇಲೆ ಹೆಬ್ಬೆರಳು ಸಣ್ಣಗೆ ಅಲುಗಿತು.

"ಇನ್ನು ಕಾಲು ನೂಲು ಇದೆ. ಮುಂದಿನ ಅಂಚಲ್ಲಿ. ನೀವೇ ತೆಗೀರಿ."

ಎರಡು ದಿನಗಳ ಮೇಲೆ ಅವರು ಹೋದರು. ಕ್ರಿಯಾಕರ್ಮವೆಲ್ಲ ಮುಗಿದ ನಂತರದ ಭಾನುವಾರ ನಾನು ಮೇಜಿನ ಮೇಲೆ ಸೀರೆ ಹಾಸಿ ಅರ ಹಿಡಿದೆ. ಬೇಡ ಎನ್ನುವವರಿದ್ದರು. ಅಂಕ ಬಂದಾಯಿತು, ಪತ್ರ ಸಿಕ್ಕಾಯಿತು, ಇನ್ನೇಕೆ ಎಂದು ತಮ್ಮ ಕೇಳಿದ. ಕೆಲಸ ಮುಗಿದಿಲ್ಲ ಎಂದೆ. ಕಾಲು ನೂಲು ತೆಗೆಯಲು ನನಗೆ ಮೂರು ಭಾನುವಾರ ಹಿಡಿಯಿತು. ಸಾಕು ಎನ್ನಲು ಯಾರೂ ಇರಲಿಲ್ಲ. ಸದ್ದು ಬದಲಾದಾಗ ನಾನೇ ನಿಲ್ಲಿಸಿದೆ.